ದಿಕ್ಸೂಚಿಯ ಕೆಳಗೆ ಕೂತ ಆಂಜನೇಯ

ಮೇಲಿನ ಮನೆಯ ನನ್ನ ಪದ್ಮಕ್ಕನಿಗೆ, ಕೆಳಗಿನ ಮನೆಯ ಗಿರಿಜೆಯ ನಮಸ್ಕಾರ.

ಇವತ್ತು ಏಕಾದಶಿ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಸರಿಯಾಗಿ ಎದ್ದು ಮೋಟಾರು ಹಾಕಿದೆ. ಮೇಲಿನ ಟ್ಯಾಂಕು ತುಂಬುವಷ್ಟರಲ್ಲಿ ದೇವರ ಪಾತ್ರೆ ತೊಳೆದು, ಬಾಗಿಲಿಗೆ ನಾಲ್ಕು ಗೆರೆ ರಂಗೋಲಿ ಎಳೆದೆ. ಮಂಜಿಗೆ ನೆಲ ಒದ್ದೆಯಾಗಿತ್ತು, ಪುಡಿ ಸರಿಯಾಗಿ ಕೂರಲಿಲ್ಲ. ಹಾಲಿನ ಬೂತಿನ ಸಾಲಿನಲ್ಲಿ ಮುಂದೆ ನಿಂತವರ ಮುಖ ಕಾಣಿಸದೆ, ಕೆಮ್ಮು ಕೇಳಿ ಇಂಥವರು ಎಂದು ಗುರುತು ಹಿಡಿದೆ. ನಮ್ಮ ಯಜಮಾನರಿಗೆ ಚಪಾತಿ ಮಾಡಿ ಡಬ್ಬಿ ಕಟ್ಟಿ ಆಫೀಸಿಗೆ ಕಳಿಸಿದ್ದಾಯಿತು. ನನಗೆ ಇಂದು ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಅಷ್ಟೆ. ಅಡುಗೆ ಇಲ್ಲದ ದಿವಸ ಕೈಗೆ ಬಿಡುವಿರುತ್ತದೆ, ಅದಕ್ಕೇ ಬರೆಯಲು ಕೂತೆ. ನೀವು ಹೋಗಿ ಎರಡು ಚಳಿಗಾಲ ಕಳೆಯಿತು. ಸ್ಮಿತಾಳ ವಿಷಯ ನಿಮಗೆ ಹೇಳಬೇಕು. ಆದರೆ ಮೊದಲಿನಿಂದ ಹೇಳದಿದ್ದರೆ ‘ನಡುವಿನಿಂದ ಶುರು ಮಾಡ್ತೀಯಲ್ಲೇ’ ಎಂದು ನೀವೇ ಗದರುತ್ತೀರಿ.

ಮಗಳು ಪೈಲಟ್ ಆಗುತ್ತೇನೆಂದು ಹಟ ಹಿಡಿದ ವಾರ ನಾನು ನಿಮ್ಮ ಮೆಟ್ಟಿಲ ಮೇಲೆ ಕೂತು ಅತ್ತದ್ದು ನೆನಪಿದೆಯೇ? ನೀವು ಕಾಫಿ ತಂದು ಮುಂದೆ ಹಿಡಿದಿರಿ. ನಾನು ಬೇಡವೆಂದೆ. ಸ್ಮಿತಾ ನೆಲದ ಮೇಲಿನ ಒಂದು ಕೆಲಸಕ್ಕೆ ಸೇರುವ ತನಕ ಕಾಫಿ ಮುಟ್ಟುವುದಿಲ್ಲ ಎಂದು ಆಂಜನೇಯನಿಗೆ ಹರಕೆ ಹೊತ್ತಿದ್ದೇನೆ ಎಂದೆ. ನೀವು ಸೆರಗು ಬಾಯಿಗೆ ಹಿಡಿದು ನಕ್ಕುಬಿಟ್ಟಿರಿ.

“ಲೇ ಗಿರಿಜಾ, ಹೋಗಿ ಹೋಗಿ ಆಂಜನೇಯನ ಹತ್ರ ಮಗಳು ಹಾರಬಾರದು ಅಂತ ಬೇಡ್ಕೊಂಡ್ಯಾ? ಸಮುದ್ರ ಹಾರಿದವನು ಅವನು.”

“ಇರಲಿ ಬಿಡಿ. ನಾನು ಕಾಫಿ ಬಿಟ್ಟಿರೋದು ಕಾಣತ್ತಲ್ಲ ಅವನಿಗೆ.”

“ಅವನಿಗೆ ಕಾಣತ್ತೋ ಇಲ್ವೋ, ನಿನ್ನ ಗಂಡನಿಗೆ ಚೆನ್ನಾಗಿ ಕಾಣ್ತಿದೆ. ಮೂರು ದಿವಸದಿಂದ ಎಲ್ಲದಕ್ಕೂ ಸಿಡುಕ್ತೀಯಂತೆ.”

ನಿಮ್ಮ ಹಳೆಯ ಕಾರನ್ನು ಮಾರಿದ ದಿನ ಅದರೊಳಗಿದ್ದ ಹೆಬ್ಬೆರಳು ಗಾತ್ರದ ಆಂಜನೇಯನನ್ನು ಕಿತ್ತು ತಂದಿರಿ. ಅಡಿಯಲ್ಲಿ ಆಯಸ್ಕಾಂತ. ಅಷ್ಟು ವರ್ಷ ಅಲ್ಲೇ ಅಂಟಿಕೊಂಡಿದ್ದವನು ಸುಲಭಕ್ಕೆ ಬರಲಿಲ್ಲವೆಂದು ದೋಸೆ ಮಗುಚುವ ಸಟ್ಟುಗದಿಂದ ಎಬ್ಬಿಸಿದಿರಂತೆ. “ಸ್ಮಿತಾ ಒಬ್ಬಳೇ ವಿಮಾನ ಬಿಡೋ ದಿವಸ ಇದನ್ನ ಕೊಡು. ನಿನ್ನ ಹರಕೆ ನಿನಗೆ, ನನ್ನ ಆಶೀರ್ವಾದ ಅವಳಿಗೆ” ಎಂದಿರಿ. ಆ ದಿವಸ ಬರುವಷ್ಟರಲ್ಲಿ ನೀವೇ ಇರಲಿಲ್ಲ. ನಾನು ಅವನನ್ನು ಹಾಗೇ ಕೊಡಲಿಲ್ಲ. ಮಡಿ ಮೈಲಿಗೆ ನೋಡದೆ ಎಲ್ಲೆಂದರಲ್ಲಿ ಇಡುವ ಹುಡುಗಿ, ಯಾರು ಯಾರೋ ಮುಟ್ಟುತ್ತಾರೆ. ಸ್ನಾನ ಮಾಡಿ, ಕೆಂಪು ರವಿಕೆ ಕಣದ ಚೂರಿನಲ್ಲಿ ಅವನನ್ನು ಕೂರಿಸಿ, ಮಂತ್ರಾಕ್ಷತೆ ಹಾಕಿ, ನಾಲ್ಕೂ ಕಡೆ ಹೊಲಿದು ಪುಟ್ಟ ಚೀಲ ಮಾಡಿ, ನೇತು ಹಾಕಲು ದಾರ ಇಟ್ಟು ಕೊಟ್ಟೆ. “ದೊಡ್ಡಮ್ಮನ ಆಂಜನೇಯ ಇದರೊಳಗಿದ್ದಾನೆ, ಬಿಚ್ಚಬೇಡ” ಎಂದಷ್ಟೇ ಹೇಳಿದೆ. ಅವಳು ಕಣ್ಣಿಗೊತ್ತಿಕೊಂಡು ಬ್ಯಾಗಿಗೆ ಹಾಕಿದಳು.

ಕಳೆದ ವರ್ಷ ಮೊದಲ ಮಂಜು ಬಿದ್ದ ವಾರ ಸ್ಮಿತಾ ಒಂದು ವಿಚಿತ್ರ ಟೋಪಿ ತಂದಳು. ಮುಂದಕ್ಕೆ ಗೂಡಿನ ಹಾಗೆ ಚಾಚಿಕೊಂಡಿದೆ. ಹಾಕಿಕೊಂಡರೆ ಕಿಟಕಿ ಕಾಣುವುದಿಲ್ಲ, ಎದುರಿನ ಗಡಿಯಾರದಂಥ ಬಿಲ್ಲೆಗಳು ಮಾತ್ರ ಕಾಣುತ್ತವೆ. ಜಟಕಾ ಕುದುರೆಯ ಕಣ್ಣಿಗೆ ಪಟ್ಟಿ ಕಟ್ಟುತ್ತಾರಲ್ಲ, ಹಾಗೆ. ಅದನ್ನು ಹಾಕಿಕೊಂಡು, ಹೊರಗೆ ಏನೂ ನೋಡದೆ, ಬರೀ ಮುಳ್ಳುಗಳನ್ನು ನೋಡಿ ವಿಮಾನ ನಡೆಸುವುದು ಕಲಿಯಬೇಕಂತೆ. ಪಕ್ಕದಲ್ಲಿ ಕಲಿಸುವ ಸರ್ದಾರ್‌ಜಿ ಹೊರಗೆ ನೋಡುತ್ತಾ ಕೂತಿರುತ್ತಾರೆ. ಈ ಪರೀಕ್ಷೆ ಪಾಸಾಗದೆ ಯಾವ ದೊಡ್ಡ ವಿಮಾನದವರೂ ಕೆಲಸ ಕೊಡುವುದಿಲ್ಲವಂತೆ. ನಾನು ಕೇಳಿದೆ, “ದೇವರು ಎರಡು ಕಣ್ಣು ಕೊಟ್ಟಿರುವಾಗ ಮುಚ್ಚಿಕೊಂಡು ಯಾಕೆ ಕಲೀಬೇಕು?” ಅವಳು ಬಾಗಿಲು ತೆರೆದು ಹೊರಗಿನ ಬಿಳುಪನ್ನು ತೋರಿಸಿದಳು. “ಇಲ್ಲಿ ಕಣ್ಣು ಏನು ಕೆಲಸಕ್ಕೆ ಬರತ್ತೆ ಹೇಳಮ್ಮ?” ಎದುರಿನ ಬೇವಿನ ಮರವೂ ಕಾಣಿಸುತ್ತಿರಲಿಲ್ಲ.

ಒಂದು ಶನಿವಾರ ಪೂಜೆ ಮುಗಿಸಿ ನಾನು ನಿಂತಲ್ಲೇ ಮೂರು ಸುತ್ತು ಪ್ರದಕ್ಷಿಣೆ ಬರುತ್ತಿದ್ದೆ. ಹಿಂದಿನಿಂದ ಬಂದವಳು “ಅಮ್ಮ, ಕಣ್ಣು ಮುಚ್ಚಿ ಸುತ್ತು, ನಿಲ್ಲು, ಆದರೆ ತೆಗೀಬೇಡ” ಎಂದಳು. ದೇವರ ಮುಂದೆ ಇವಳ ಆಟ ಎಂದುಕೊಂಡೇ ಮಾಡಿದೆ. ನಿಂತ ಮೇಲೂ ಸುತ್ತುತ್ತಿದ್ದೇನೆ ಅನಿಸಿತು, ಅದೂ ಎಡಕ್ಕೆ, ಹಿಂದುಹಿಂದಕ್ಕೆ.

“ಈಗ ಯಾವ ಕಡೆ ತಿರುಗ್ತಿದೀಯ?”

“ಎಡಕ್ಕೆ.”

“ತಿರುಗ್ತಾನೇ ಇಲ್ಲ. ಕಂಬದ ಹಾಗೆ ನಿಂತಿದೀಯ. ಕಿವಿಯೊಳಗೆ ನೀರಿನ ಹಾಗೆ ಇರತ್ತೆ, ಅದು ಸುತ್ತೋದು ನಿಂತಿಲ್ಲ ಅಷ್ಟೇ. ಮೋಡದೊಳಗೆ ನಮಗೂ ಬಿಲ್ಕುಲ್ ಹೀಗೇ ಆಗೋದು. ವಿಮಾನ ಸೀದಾ ಇರತ್ತೆ, ಮೈ ಮಾತ್ರ ಬೀಳ್ತಾ ಇದೀವಿ ಅನ್ನತ್ತೆ. ಮೈ ಮಾತು ಕೇಳಿ ಸರಿ ಮಾಡೋಕೆ ಹೋದರೆ ನಿಜವಾಗ್ಲೂ ಬೀಳ್ತೀವಿ.”

ನಾನು ಕಣ್ಣು ತೆರೆದೆ. ದೀಪದ ಕುಡಿ ಅಲುಗದೆ ಇತ್ತು. ಇಷ್ಟು ವರ್ಷ ಸುತ್ತಿದ್ದೇನಲ್ಲ ಪದ್ಮಕ್ಕ, ಒಂದು ದಿವಸವಾದರೂ ಕಣ್ಣು ಮುಚ್ಚಿ ನಿಂತು ನೋಡಿರಲಿಲ್ಲ.

ಆ ತಿಂಗಳುಗಳಲ್ಲಿ ಅವಳು ಸಂಜೆ ಬಂದರೆ ಹಿಂಡಿ ಹಾಕಿದ ಬಟ್ಟೆಯ ಹಾಗಿರುತ್ತಿದ್ದಳು. ಹರಿಯಾಣದ ಕಡೆಯ ಆ ಫ್ಲೈಯಿಂಗ್ ಕ್ಲಬ್ಬಿಗೆ ನಸುಕಿನ ಬಸ್ಸು ಹಿಡಿದು ಹೋಗುವುದು, ಮಂಜು ಏಳುವ ತನಕ ಕಾಯುವುದು, ಆಮೇಲೆ ಟೋಪಿ ಹಾಕಿಕೊಂಡು ಹಾರುವುದು. “ಸರ್ ಬೈದರು ಅಮ್ಮ. ಬೇಟಾ, ಕೂತ ಜಾಗ ಸುಳ್ಳು ಹೇಳತ್ತೆ, ಅದರ ಮಾತು ಯಾಕೆ ಕೇಳ್ತೀಯ ಅಂದರು.” ಮೈ ಬಲಕ್ಕೆ ವಾಲಿದೆ ಎನ್ನುವಾಗ ಮುಳ್ಳು ನೆಟ್ಟಗಿದೆ ಎಂದರೆ, ಮುಳ್ಳನ್ನು ನಂಬಿ ಕೈ ಕಟ್ಟಿದ ಹಾಗೆ ಕೂರುವುದು ಎಷ್ಟು ಕಷ್ಟ ಎಂದು ಊಟದ ತಟ್ಟೆ ಮುಂದೆ ಇಟ್ಟುಕೊಂಡು ಹೇಳುತ್ತಿದ್ದಳು. ಒಂದೇ ಮುಳ್ಳನ್ನು ದಿಟ್ಟಿಸಬಾರದು, ಎಲ್ಲವನ್ನೂ ಸುತ್ತಿ ಸುತ್ತಿ ನೋಡುತ್ತಿರಬೇಕಂತೆ. ಅತ್ತೆ, ಮಾವ, ನಾದಿನಿ ಎಲ್ಲರನ್ನೂ ವಿಚಾರಿಸಿಕೊಂಡ ಹಾಗೆ ಎಂದು ನಾನಂದೆ. ನಕ್ಕಳು. ಮಾಘ ಮಾಸ ಬರುವ ಹೊತ್ತಿಗೆ ಅವಳ ಕೈ ಹದಕ್ಕೆ ಬಂದಿತ್ತು. ನಾನು ಬೆಳಿಗ್ಗೆ ಆಂಜನೇಯನ ಮುಂದೆ ನಿಂತು ಅವಳು ನೆಲಕ್ಕೆ ಇಳಿಯಲಿ ಎಂದು ಬೇಡುವುದು, ಸಂಜೆ ಅವಳ ಮುಖ ಗೆಲುವಾಗಿದ್ದರೆ ಖುಷಿಪಡುವುದು… ಎರಡೂ ನಡೆದಿತ್ತು.

ಪರೀಕ್ಷೆಯ ದಿವಸ ಬಾಗಿಲಲ್ಲಿ ಶೂ ಕಟ್ಟುತ್ತಿದ್ದವಳಿಗೆ ನಾನೇ ಹೇಳಿದೆ, “ಇವತ್ತಾದರೂ ದೇವರನ್ನ ಬ್ಯಾಗಲ್ಲಿ ಹುದುಗಿಸಬೇಡ, ಕಣ್ಣೆದುರಿಗೆ ಇಟ್ಟುಕೋ.” ಅವಳು ಹಾಗೇ ಮಾಡಿದಳು. ಮೇಲೆ ಹೋದ ಮೇಲೆ, ಟೋಪಿ ಎಳೆದುಕೊಳ್ಳುವ ಮುಂಚೆ ಜೇಬಿನಿಂದ ಚೀಲ ತೆಗೆದು, ಗಾಜಿನ ಹತ್ತಿರ ಇದ್ದ ದಿಕ್ಸೂಚಿಯ ಕೆಳಗೆ ನೇತು ಹಾಕಿದಳಂತೆ, ಕಾರಿನ ಕನ್ನಡಿಗೆ ಜನ ಕಟ್ಟುತ್ತಾರಲ್ಲ, ಹಾಗೆ. ಪಕ್ಕದಲ್ಲಿದ್ದ ಪರೀಕ್ಷಕರು ಕೇಳಿದರಂತೆ, “ಯೇ ಕ್ಯಾ ಹೈ?” “ಪ್ರಸಾದ್, ಸರ್.” “ಅಚ್ಛಾ” ಎಂದು ಅವರೂ ಒಂದು ಸಲ ಕೈ ಮುಗಿದರಂತೆ. ಆಮೇಲೆ ಎಲ್ಲ ಕೆಟ್ಟಿತು. ದಿಕ್ಕು ತೋರಿಸುವ ಒಂದು ಬಿಲ್ಲೆ ಇದೆಯಂತೆ, ಹೊತ್ತು ಹೋದಂತೆ ಸ್ವಲ್ಪ ಜಾರುತ್ತದಂತೆ. ಆಗಾಗ ದಿಕ್ಸೂಚಿ ನೋಡಿ ಅದನ್ನು ಸರಿ ಮಾಡಿಕೊಳ್ಳಬೇಕಂತೆ. ಇವಳು ಚಾಚೂ ತಪ್ಪದೆ ಮಾಡಿಕೊಂಡಳು. ನೆಲದ ಮೇಲಿನ ರೇಡಿಯೋ ಗೋಪುರದ ಕಡೆ ತೋರಿಸುವ ಮುಳ್ಳು ಬೇರೆಯೇ ದಿಕ್ಕು ಹೇಳುತ್ತಿತ್ತು. ಇವಳು ದಿಕ್ಸೂಚಿಯನ್ನೇ ಹಿಡಿದು ಹೋದಳು. ಟೋಪಿ ತೆಗೆಸಿದಾಗ ಇರಬೇಕಾದ ಜಾಗ ಬಿಟ್ಟು ಎಲ್ಲೋ ಒಂದು ಇಟ್ಟಿಗೆ ಗೂಡಿನ ಮೇಲೆ ಇದ್ದರಂತೆ. “ಎರಡು ಮುಳ್ಳು ಜಗಳ ಆಡ್ತಿದ್ದಾಗ ನೀನು ಮೂರನೆಯದನ್ನ ಯಾಕೆ ಕೇಳಲಿಲ್ಲ?” ಎಂದು ಕೇಳಿ ಫೇಲು ಮಾಡಿದರು. ಚೀಲ ಬಿಚ್ಚಿ ಜೇಬಿಗೆ ಹಾಕಿಕೊಂಡು ಇಳಿದಳು. ಮೆಕ್ಯಾನಿಕ್ ಬಂದು ನೋಡಿದರೆ ದಿಕ್ಸೂಚಿ ಸರಿಯಾಗಿಯೇ ಇತ್ತು. ತಪ್ಪೆಲ್ಲ ಇವಳದೇ ಎಂದಾಯಿತು.

ಅದಾದ ಮೇಲೆ ಅವಳು ಬೈಯಲೂ ಇಲ್ಲ, ಅಳಲೂ ಇಲ್ಲ, ಅದೇ ನನಗೆ ಭಯ. ಒಂದು ವಾರ ಟೋಪಿ ಬೀರುವಿನ ಮೇಲೆ ಧೂಳು ತಿಂದಿತು. ಒಂದು ಮಧ್ಯಾಹ್ನ ನಾನು ಮಹಡಿಯ ಮೇಲೆ ಬಿಸಿಲಿಗೆ ರಜಾಯಿ ಹರಡಿ ಬಟಾಣಿ ಸುಲಿಯುತ್ತಿದ್ದೆ. ಅವಳು ಬಂದು ಪಕ್ಕದಲ್ಲಿ ಕೂತಳು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಟಿಕೆಟ್ ನೋಡುವ ಕೆಲಸಕ್ಕೆ ಗುರಗಾಂವಿನಲ್ಲಿ ಇಂಟರ್‌ವ್ಯೂ ಇದೆ, ಹೋಗುತ್ತೇನೆ ಎಂದಳು. “ನಿನ್ನ ಕಾಫಿ ವಾಪಸ್ ಬರತ್ತೆ, ಚಲೋ, ಯಾರಿಗಾದರೂ ಒಳ್ಳೇದಾಯ್ತು.”

“ಒಂದು ಸಲ ತಪ್ಪಿದ್ದಕ್ಕೆ ಬಿಟ್ಟುಬಿಡ್ತಾರೇನೇ?”

“ಮೈ ನಂಬಬೇಡ ಅಂದರು, ನಂಬಲಿಲ್ಲ. ಮುಳ್ಳು ನಂಬು ಅಂದರು, ನಂಬಿದೆ. ಅದೂ ಸುಳ್ಳಾದರೆ ಇನ್ನು ಯಾವುದನ್ನ ನಂಬಿಕೊಂಡು ಹಾರಲಿ ಅಮ್ಮ? ಮುಂದೆ ನನ್ನ ಹಿಂದೆ ನೂರು ಜನ ಕೂತಿರ್ತಾರೆ.” ಬಟಾಣಿ ಸಿಪ್ಪೆಯೊಂದನ್ನು ಹರಿಯುತ್ತಾ ಮೆಲ್ಲಗೆ ಹೇಳಿದಳು, “ಎರಡು ಬೇರೆ ಬೇರೆ ತೋರಿಸ್ತಿತ್ತು. ದಿಕ್ಸೂಚಿ ಪಕ್ಕ ದೊಡ್ಡಮ್ಮನ ಆಂಜನೇಯ ಇದ್ದ. ಅದಕ್ಕೇ ಅದನ್ನ ನಂಬಿದೆ. ಯಾರಿಗೂ ಹೇಳಬೇಡ, ನಗ್ತಾರೆ.”

ನನ್ನ ಕೈ ನಿಂತಿತು. ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಆಯಸ್ಕಾಂತದ ತುಂಡಿಗೆ ದಾರ ಕಟ್ಟಿ ತೊಲೆಗೆ ನೇತು ಹಾಕಿದ್ದರು. ಅದು ಸುತ್ತಿ ಸುತ್ತಿ ಉತ್ತರಕ್ಕೆ ಮುಖ ಮಾಡಿ ನಿಲ್ಲುತ್ತಿತ್ತು. ಇನ್ನೊಂದು ತುಂಡನ್ನು ಹತ್ತಿರ ತಂದರೆ ಉತ್ತರ ಬಿಟ್ಟು ಇದರ ಕಡೆ ತಿರುಗುತ್ತಿತ್ತು. ಏಳನೆಯ ಕ್ಲಾಸಿನ ಮೇಲೆ ಓದದವಳಿಗೂ ಅಷ್ಟು ನೆನಪಿತ್ತು. “ದಿಕ್ಸೂಚಿ ಅಂದರೆ ಆಯಸ್ಕಾಂತದ ಮುಳ್ಳೇ ಅಲ್ವಾ?” ಎಂದೆ. ಹೌದೆಂದಳು. ಪದ್ಮಕ್ಕ, ಆ ಗಳಿಗೆ ನಿಮಗೆ ಹೇಗೆ ಹೇಳಲಿ? ಚೀಲದೊಳಗಿನ ಆಂಜನೇಯನ ಅಡಿಯಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿಲ್ಲ. ಗೊತ್ತಿದ್ದವರು ಇಬ್ಬರೇ, ನೀವು ಮತ್ತು ನಾನು. ನಾನು ಬಟಾಣಿ ಸುಲಿಯುತ್ತಾ ಸುಮ್ಮನೆ ಕೂತಿದ್ದರೆ ಸಾಕು, ಅವಳು ಕೌಂಟರಿನ ಹಿಂದೆ ಕೂರುತ್ತಾಳೆ, ಸಂಜೆ ಮನೆಗೆ ಬರುತ್ತಾಳೆ, ಆಕಾಶದಲ್ಲಿ ಸದ್ದಾದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುವುದು ನಿಲ್ಲುತ್ತದೆ. ನಾನು ಇಷ್ಟು ದಿವಸ ಬೇಡಿದ್ದು ಅದನ್ನೇ. ದೇವರು ಹರಕೆ ಕೇಳಿಸಿಕೊಂಡು ತಾನೇ ಕೂತು ನಡೆಸಿಕೊಟ್ಟಿದ್ದಾನೆ ಅಂತಲೂ ಅನ್ನಬಹುದಿತ್ತು. ಅಂದುಕೊಂಡೆ ಕೂಡ. ಆದರೆ ಅವಳ ಮುಖ… ನಂಬಿದ್ದು ಕೈ ಕೊಟ್ಟಿತು ಎನ್ನುವ ಮುಖ ಅದು. ನಾಳೆಯಿಂದ ಅವಳು ಮುಳ್ಳನ್ನೂ ನಂಬುವುದಿಲ್ಲ, ದೇವರನ್ನೂ ನಂಬುವುದಿಲ್ಲ, ಮತ್ತೆ ನಾನು ಯಾವ ಬಾಯಿಂದ ದೀಪ ಹಚ್ಚಲಿ?

“ಸ್ಮಿತಾ, ಚೀಲ ತಗೊಂಡು ಬಾ. ಕತ್ತರಿ ತಾ” ಎಂದೆ.

ಹೊಲಿಗೆ ಬಿಚ್ಚಿ ಆಂಜನೇಯನನ್ನು ಬೋರಲು ಮಾಡಿ ಅಡಿಯನ್ನು ತೋರಿಸಿದೆ. ಅವಳು ಅರ್ಥವಾಗದೆ ನೋಡಿದಳು. ಮಹಡಿಯ ಕಬ್ಬಿಣದ ಬಾಗಿಲಿಗೆ ಹಿಡಿದೆ, ಟಕ್ಕೆಂದು ಕಚ್ಚಿಕೊಂಡ. ಸ್ಮಿತಾ ಬಟಾಣಿ ಚೆಲ್ಲಿಕೊಂಡು ಎದ್ದಳು. ಕೆಳಗೆ ಓಡಿ ಬ್ಯಾಗಿನಿಂದ ಚಿಕ್ಕ ದಿಕ್ಸೂಚಿ ತಂದು, ದೇವರನ್ನು ಅದರ ಹತ್ತಿರ ತಂದಳು. ಮುಳ್ಳು, ಹೇಳಿದ ಮಾತು ಕೇಳುವ ಸೊಸೆಯ ಹಾಗೆ, ಅವನ ಕಡೆ ತಿರುಗಿತು. ದೂರ ಒಯ್ದಳು, ತನ್ನ ಜಾಗಕ್ಕೆ ಹೋಯಿತು. ನಾಲ್ಕೈದು ಸಲ ಹಾಗೇ ಮಾಡಿ, ನೆಲದ ಮೇಲೆ ಕೂತು ನಗಲು ಶುರು ಮಾಡಿದಳು. ನಗುತ್ತಾ ನಗುತ್ತಾ ಅತ್ತಳು. “ದೊಡ್ಡಮ್ಮ ನನ್ನ ಇಟ್ಟಿಗೆ ಗೂಡಿಗೆ ಕರ್ಕೊಂಡು ಹೋದರಲ್ಲ ಯಾರ್” ಎಂದಳು. ಇದನ್ನು ಕೇಳಿದ್ದರೆ ನೀವು ಎಷ್ಟು ನಗುತ್ತಿದ್ದಿರೋ.

ಮಾರನೆಯ ದಿವಸ ಅವಳ ಜೊತೆ ಬಸ್ಸಿನಲ್ಲಿ ನಾನೂ ಹೋದೆ. ಸರ್ದಾರ್‌ಜಿ ದೊಡ್ಡ ಬಿಳಿ ಗಡ್ಡದ ಮನುಷ್ಯ, ಚಹಾ ಕುಡಿಯುತ್ತಾ ಎಲ್ಲ ಕೇಳಿದರು. ಆಂಜನೇಯನನ್ನು ಅಂಗೈಯಲ್ಲಿಟ್ಟುಕೊಂಡು ಹಣೆಗೆ ಮುಟ್ಟಿಸಿ ನನಗೆ ಹಿಂತಿರುಗಿಸಿದರು. “ಮಾತಾಜಿ, ಇವರನ್ನ ಮನೆಯಲ್ಲೇ ಇಡಿ. ಮನೆಗೂ ಯಾರಾದರೂ ಬೇಕಲ್ಲ.” ಆಮೇಲೆ ಸ್ಮಿತಾ ಕಡೆ ತಿರುಗಿ ದನಿ ಬದಲಿಸಿದರು. “ಆದರೂ ನೀನು ಫೇಲೇ. ದಿಕ್ಸೂಚಿ ಕೆಟ್ಟದ್ದು ನಿನ್ನ ತಪ್ಪಲ್ಲ. ಎರಡು ಮುಳ್ಳು ಬೇರೆ ಬೇರೆ ಹೇಳಿದಾಗ ವಿಚಾರಿಸದೆ ಹೋದದ್ದು ನಿನ್ನ ತಪ್ಪು. ನಾಳೆ ಮೋಡದಲ್ಲಿ ಮಿಷೀನು ತಾನೇ ಕೆಡಬಹುದು, ಆಗ ಯಾರ ಅಮ್ಮ ಬಂದು ಹೊಲಿಗೆ ಬಿಚ್ಚುತ್ತಾರೆ?” ಅವಳು ತಲೆ ತಗ್ಗಿಸಿ “ಜೀ ಸರ್” ಎಂದಳು. ಹೋಳಿ ಮುಗಿದ ಮೇಲೆ ಮತ್ತೆ ಪರೀಕ್ಷೆಗೆ ಕೂತಳು. ಅವತ್ತು ಬರಿ ಕೈಯಲ್ಲಿ ಹೋದಳು. ಪಾಸಾದಳು. ಸುದ್ದಿ ಹೇಳಲು ಫೋನು ಮಾಡಿದಾಗ ನಾನು ನಿಮ್ಮ ಮಹಡಿಯ ಮೆಟ್ಟಿಲ ಮೇಲೆಯೇ ಕೂತಿದ್ದೆ. ಈಗ ಅಲ್ಲಿ ಬೇರೆ ಬಾಡಿಗೆಯವರು, ಆ ಹುಡುಗಿ ನನ್ನನ್ನು ನೋಡಿ “ಆಂಟಿ, ತಬಿಯತ್ ಠೀಕ್ ಹೈ?” ಎಂದು ಆರೋಗ್ಯ ವಿಚಾರಿಸಿದಳು.

ಹರಕೆಯ ಗತಿ ಏನಾಯಿತು ಎನ್ನುತ್ತೀರಿ. ಆಂಜನೇಯನ ಮುಂದೆ ನಿಂತು ಹೇಳಿದೆ, ನಾನು ಬೇಡಿದ್ದನ್ನು ನಾನೇ ಕೆಡಿಸಿದ್ದೇನೆ, ಅದಕ್ಕೆ ಇನ್ನು ಏನನ್ನೂ ಬೇಡುವುದಿಲ್ಲ, ಕಾಫಿ ಬಿಟ್ಟದ್ದು ಬಿಟ್ಟ ಹಾಗೇ ಇರಲಿ ಎಂದು. ಒಂದು ಷರತ್ತಿಗೆ ಬಿಟ್ಟದ್ದನ್ನು ಷರತ್ತಿಲ್ಲದೆ ಬಿಟ್ಟಿರುವುದು ಸುಲಭ, ನೋಡಿದೆ. ಬೆಳಗಿನ ಸಿಡುಕು ಮಾತ್ರ ಹೋಗಿಲ್ಲವೆಂದು ನಮ್ಮ ಮನೆಯವರ ದೂರು.

ಹೋದ ವಾರ ಅವಳು ನನ್ನನ್ನು ವಿಮಾನದಲ್ಲಿ ಕೂರಿಸಿಬಿಟ್ಟಳು. ಹೋಳಿಯಿಂದ ಕರೆಯುತ್ತಲೇ ಇದ್ದಳು, ನಾನು ನೆವ ಹೇಳುತ್ತಲೇ ಇದ್ದೆ. ಮುಂದೆ ಅವಳು ಮತ್ತು ಸರ್ದಾರ್‌ಜಿ, ಹಿಂದಿನ ಸೀಟಿನಲ್ಲಿ ಕಿವಿಗೆ ಬಟ್ಟಲಂಥ ಫೋನು ಹಾಕಿಕೊಂಡು ನಾನು. ಹೊಲಗಳು ಸಾಸಿವೆ ಹೂವಿಗೆ ಇನ್ನೂ ತಿರುಗಿರಲಿಲ್ಲ, ಹಸಿರಾಗಿಯೇ ಇದ್ದವು. ಸ್ವಲ್ಪ ಹೊತ್ತಿಗೆ ಮೋಡದೊಳಗೆ ಹೋದೆವು. ಹೊಲವೂ ಇಲ್ಲ, ಆಕಾಶವೂ ಇಲ್ಲ, ನಾಲ್ಕೂ ಕಡೆ ಒಂದೇ ಬಿಳುಪು. ಇದ್ದಕ್ಕಿದ್ದಂತೆ ನನ್ನ ಮೈ ಎಡಕ್ಕೆ ಜಾರತೊಡಗಿತು. ಸುಳ್ಳಲ್ಲ ಪದ್ಮಕ್ಕ, ಪೂರಾ ವಾಲಿ ಕೆಳಗೆ ಹೋಗುತ್ತಿದ್ದೇನೆ. ಎರಡೂ ಕೈಯಲ್ಲಿ ಮುಂದಿನ ಸೀಟು ಹಿಡಿದು “ಬೀಳ್ತಾ ಇದೀವಿ ಸ್ಮಿತಾ” ಎಂದೆ.

“ಬೀಳ್ತಿಲ್ಲಮ್ಮ. ಸೀದಾ ಇದೀವಿ. ಕಿಟಕಿ ನೋಡಬೇಡ, ನನ್ನ ಎದುರಿನ ಈ ಬಿಲ್ಲೆ ನೋಡು.” ಮೇಲರ್ಧ ನೀಲಿ, ಕೆಳಗರ್ಧ ಮಣ್ಣಿನ ಬಣ್ಣ, ನಡುವೆ ಒಂದು ಗೆರೆ, ಜೊತೆಗೆ ಪುಟ್ಟ ರೆಕ್ಕೆಗಳು. ರೆಕ್ಕೆ ನೆಟ್ಟಗೆ ಗೆರೆಯ ಮೇಲೇ ಕೂತಿತ್ತು. ಮೈ ಬೀಳುತ್ತಿದ್ದೇನೆ ಎನ್ನುತ್ತಿದೆ, ರೆಕ್ಕೆ ಅಲುಗುತ್ತಿಲ್ಲ. ಅವಳ ಕೈ ನೋಡಿದೆ, ಅದೂ ಅಲುಗುತ್ತಿಲ್ಲ.

ಆಗಲೇ ನನಗೆ ನಿಮ್ಮ ಕೊನೆಯ ದಿವಸ ನೆನಪಾದದ್ದು. ಡಾಕ್ಟರು ಇನ್ನೇನೂ ಇಲ್ಲ ಎಂದು ಹೇಳಿ ಹೋಗಿದ್ದರು. ನೀವು ನಿಮ್ಮ ಮಂಚದ ಮೇಲೆ ಮಲಗಿದ್ದಿರಿ, ನಾನು ತುಳಸಿ ನೀರು ಹಿಡಿದು ಪಕ್ಕದಲ್ಲಿದ್ದೆ. “ಗಿರಿಜಾ, ಬೀಳ್ತಾ ಇದೀನಿ ಕಣೇ, ಹಿಡ್ಕೋ” ಎಂದಿರಿ. ಎರಡೂ ಕಡೆ ದಿಂಬು ಕೊಟ್ಟೆ, ಭುಜ ಹಿಡಿದುಕೊಂಡೆ. ಮತ್ತೆ “ಹಿಡ್ಕೋ” ಎಂದಿರಿ. ನನ್ನ ಕೈಯಲ್ಲಿ ಇದ್ದೂ ನೀವು ಎಲ್ಲಿಗೆ ಬೀಳುತ್ತಿದ್ದಿರಿ, ನನಗೆ ಯಾಕೆ ಹಿಡಿಯಲಾಗಲಿಲ್ಲ ಎಂದು ಎರಡು ವರ್ಷದಿಂದ ಒಳಗೇ ಕೊರೆಯುತ್ತಿತ್ತು. ಯಾರ ಹತ್ತಿರ ಹೇಳಲಿ ಇದನ್ನು?

ನಾವು ಮೋಡದಿಂದ ಹೊರಗೆ ಬಂದೆವು. ಬಿಸಿಲು ಬಂತು, ಕೆಳಗೆ ಕಾಲುವೆ, ರಸ್ತೆ, ಎಲ್ಲ ಇದ್ದ ಹಾಗೇ ನೆಟ್ಟಗೆ ಇದ್ದವು. ನಾವು ಒಂದು ಚೂರೂ ವಾಲಿರಲಿಲ್ಲ. ಪದ್ಮಕ್ಕ, ಅವತ್ತು ನೀವೂ ಬೀಳುತ್ತಿರಲಿಲ್ಲ ಅಲ್ಲವೇ? ಮೈ ಹಾಗೆ ಹೇಳಿತು, ಅಷ್ಟೇ ಅಲ್ಲವೇ? ನೀವು ಸೀದಾ ಹೋಗುತ್ತಿದ್ದಿರಿ, ಆಚೆ ಬಿಸಿಲಿತ್ತು, ಹೌದು ತಾನೇ…

ಸ್ಮಿತಾಳಿಗೆ ದೊಡ್ಡ ವಿಮಾನದ ಕಂಪನಿಯಿಂದ ಕರೆ ಬಂದಿದೆ. ಗುರುವಾರ ಹೈದರಾಬಾದಿಗೆ ತರಬೇತಿಗೆ ಹೊರಡುತ್ತಾಳೆ. ಬರುವ ಚಳಿಗಾಲದಿಂದ ಅವಳು ಮಂಜಿನಲ್ಲೂ ಮೋಡದಲ್ಲೂ ನಿಮ್ಮ ಕಡೆಯೇ ಓಡಾಡಿಕೊಂಡಿರುತ್ತಾಳೆ. ನಾನು ಕೇಳಿದ್ದಕ್ಕೆ ನೀವು ಉದ್ದ ಬರೆಯಬೇಕಾಗಿಲ್ಲ, ಹೌದು ಅಥವಾ ಇಲ್ಲ, ಅಷ್ಟು ಸಾಕು. ಬರೆದು ಅವಳ ಕೈಗೆ ಕೊಡಿ. ಮರೆಯದೆ ಇಸಿದುಕೊಂಡು ಬಾ ಎಂದು ಅವಳಿಗೆ ಹೇಳಿ ಕಳಿಸುತ್ತೇನೆ.